ಚಿನ್ನದ ಮೇಲೆ ತಿರುಗದ ಯಂತ್ರ

ಹೈದರಾಬಾದ್
12 ಆಗಸ್ಟ್ 2003

ಅವ್ವನಿಗೆ ರಂಜನಿಯ ನಮಸ್ಕಾರ.

ಚೆನ್ನಾಗಿದ್ದೇನೆ ಎಂದು ಬರೆಯಲು ಕೂತೆ, ಕೈ ಏಳಲಿಲ್ಲ. ಫೋನ್ ಮಾಡಬಹುದಿತ್ತು. ಎಸ್‌ಟಿಡಿ ಬೂತಿನಲ್ಲಿ ಹಿಂದೆ ನಿಂತವರ ಎದುರು ಅತ್ತುಬಿಡುತ್ತೇನೇನೋ ಎಂದು ಭಯವಾಯಿತು. ಅದಕ್ಕೇ ಈ ಕಾಗದ.

ಓಂಕಾರಣ್ಣ ನನ್ನ ಕೆಲಸವನ್ನು ಕದ್ದಿದ್ದಾನೆ.

ನಾನು ಇಲ್ಲಿ ಮಾಡುವುದೇನು ಎಂದು ನೀನು ಎಷ್ಟೋ ಸಲ ಕೇಳಿದ್ದೆ, ನಾನು ನಕ್ಕು ಸುಮ್ಮನಾಗುತ್ತಿದ್ದೆ. ಈಗ ಹೇಳಲೇಬೇಕು. ಕಣ್ಣಿಗೆ ಕಾಣದಷ್ಟು ಚಿಕ್ಕ ಯಂತ್ರ ಅದು, ಒಂದೇ ಒಂದು ಅಣು. ಎರಡು ಭಾಗ, ನಡುವೆ ಒಂದು ಅಚ್ಚು. ಬೆಳಕು ಬಿದ್ದರೆ ಮೇಲಿನ ಭಾಗ ಅರ್ಧ ಸುತ್ತು ತಿರುಗುತ್ತದೆ. ಸ್ವಲ್ಪ ಬಿಸಿ ತಾಕಿದರೆ ಮುಂದಕ್ಕೆ ಜಾರಿ ಕೂರುತ್ತದೆ, ಹಿಂದಕ್ಕೆ ಬರಲಾರದು. ಮತ್ತೆ ಬೆಳಕು, ಮತ್ತೆ ಬಿಸಿ, ಒಂದು ಸುತ್ತು ಪೂರ್ತಿ. ಯಾವಾಗಲೂ ಒಂದೇ ದಿಕ್ಕಿಗೆ. ಇದನ್ನು ದ್ರಾವಣದಲ್ಲಿ ಹೊರದೇಶದವರು ಆಗಲೇ ಮಾಡಿ ತೋರಿಸಿದ್ದಾರೆ. ಆದರೆ ದ್ರಾವಣದಲ್ಲಿ ಆ ಅಣುಗಳು ಅಡ್ಡಾದಿಡ್ಡಿ ಹೊರಳಾಡುತ್ತಿರುತ್ತವೆ. ದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರವನ್ನು ಕಿತ್ತು ಕೆರೆಗೆ ಎಸೆದರೆ ಅದು ತಿರುಗಿ ಯಾರಿಗೇನು ಉಪಯೋಗ? ನಿಲ್ಲಲು ನೆಲ ಬೇಕು. ಗಾಜಿನ ಮೇಲೆ ತೆಳುವಾಗಿ ಚಿನ್ನ ಬಳಿದು, ಅಣುವಿಗೊಂದು ಕಾಲು ಜೋಡಿಸಿ, ಕಾಲಿನ ತುದಿಗೆ ಗಂಧಕ ಇಟ್ಟು ಅದರ ಮೇಲೆ ನಿಲ್ಲಿಸುವ ಯೋಚನೆ ನನ್ನದು. ಗಂಧಕ ಚಿನ್ನವನ್ನು ಕಚ್ಚಿ ಹಿಡಿಯುತ್ತದೆ. ಅಣುವನ್ನು ಕಟ್ಟಿದವಳು ನಾನು. ಗಾಜನ್ನು ಅದ್ದಿದವಳು, ಬೆಳಕು ಬಿಟ್ಟು ಮೊದಲ ಸಲ ಅಳೆದವಳು ನಾನು. ಅದು ತಿರುಗಿದಂತೆ ಕಂಡಾಗ ಓಡಿ ಹೋಗಿ ಮೊದಲು ಹೇಳಿದ್ದು ಓಂಕಾರಣ್ಣನಿಗೆ. ಲ್ಯಾಬಿನಲ್ಲಿ ನನಗಿಂತ ಹಿರಿಯ, ನಮ್ಮ ಮನೆಯ ಅನ್ನ ತಿಂದು ಓದಿದವನು, ಇನ್ನಾರಿಗೆ ಹೇಳಲಿ?

ಅಪ್ಪನ ಕಣ್ಣಿನ ಆಪರೇಷನ್‌ಗೆ ನಾನು ಊರಿಗೆ ಹೊರಟಾಗ ಸ್ಟೇಷನ್ನಿಗೆ ಬಂದು ಬ್ಯಾಗು ಹಿಡಿದುಕೊಂಡಿದ್ದ. "ನಿಶ್ಚಿಂತೆಯಿಂದ ಹೋಗು ತಂಗೀ, ಇಲ್ಲೀದೆಲ್ಲ ನಾನು ನೋಡ್ಕೊಳ್ತೀನಿ" ಅಂದ. "ಇನ್ನೊಂದು ಸಲ ಅಳೆದು ನೋಡ್ಬೇಕು ಅಣ್ಣ, ಯಾರಿಗೂ ಹೇಳ್ಬೇಡ" ಅಂದೆ. ತಲೆಯಾಡಿಸಿದ.

ನಿನ್ನೆ ಅದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿ ಬಂದಿದೆ. ಅವನ ಹೆಸರು, ನಮ್ಮ ಪ್ರೊಫೆಸರ್ ಹೆಸರು. ನನಗೆ ಕೊನೆಯಲ್ಲಿ ಒಂದು ಧನ್ಯವಾದ, ಗಾಜು ತೊಳೆಯುವವರಿಗೆ ಹೇಳುವಂಥದ್ದು.

ನಾನು ದೂರು ಕೊಡುತ್ತೇನೆ. ಅವನನ್ನು ಬಿಡುವುದಿಲ್ಲ.

ರಂಜನಿ


ಚಳ್ಳಕೆರೆ
29 ಆಗಸ್ಟ್ 2003

ಮಗಳು ಶಿವರಂಜನಿಗೆ ಅವ್ವನ ಆಶೀರ್ವಾದ.

ನಿನ್ನ ಕಾಗದವನ್ನು ನಿನ್ನಪ್ಪ ಮಿಲ್ಲಿನಲ್ಲಿ ಓದಿ, ಮಡಚಿ, ಜೇಬಿನಲ್ಲಿಟ್ಟುಕೊಂಡು ಬಂದರು. "ಹುಡುಗರ ಜಗಳ, ಸರಿಹೋಗ್ತೈತೆ ಬಿಡು" ಅಂದರು. ನಿನ್ನಪ್ಪ ಜಂಬುಲಿಂಗಪ್ಪನವರು ಎಣ್ಣೆ ವ್ಯಾಪಾರ ಮಾಡಿ ಮಾಡಿ ಯಾರ ಮೇಲೂ ಕೋಪ ಇಟ್ಟುಕೊಳ್ಳುವುದನ್ನೇ ಮರೆತಿದ್ದಾರೆ. ನಾನು ಮರೆತಿಲ್ಲ.

ಪರಶುರಾಂಪುರದ ಬಸ್ಸು ಹತ್ತಿದೆ. ಓಂಕಾರನ ಅಪ್ಪ ಮಲ್ಲಿಕಾರ್ಜುನಪ್ಪ ಈರುಳ್ಳಿ ರಾಶಿಯ ಪಕ್ಕದಲ್ಲಿ ನಾಲ್ಕು ಜನರ ಜೊತೆ ಕೂತಿದ್ದರು.

"ಏನಮ್ಮ ಸುಲೋಚನಮ್ಮ, ಇಷ್ಟು ದೂರ ಬಂದೀರಿ?"

"ನಿಮ್ಮ ಮಗ ನನ್ನ ಮಗಳು ಮಾಡಿದ್ದನ್ನ ತನ್ನದು ಅಂತ ಬರ್ಕೊಂಡಾನ್ರಿ. ಅದನ್ನ ಕೇಳಾಕೆ ಬಂದೀನಿ."

"ಏನು ಮಾಡಿತ್ತು ನಿಮ್ಮ ಹುಡುಗಿ?"

ನೀನು ಬರೆದಿದ್ದನ್ನು ನನಗೆ ತಿಳಿದಷ್ಟು ಹೇಳಿದೆ. ಕಣ್ಣಿಗೆ ಕಾಣದ ಯಂತ್ರ, ಬೆಳಕಿಗೆ ತಿರುಗುತ್ತದೆ ಎಂದೆ. ಅವರು ಅಕ್ಕಪಕ್ಕದವರ ಮುಖ ನೋಡಿ ನಕ್ಕುಬಿಟ್ಟರು.

"ಕಣ್ಣಿಗೇ ಕಾಣದ್ದನ್ನ ಕದಿಯೋದು ಹ್ಯಾಂಗಮ್ಮ?"

ಕೂತವರೆಲ್ಲ ನಕ್ಕರು. ಆ ನಗು ಬಸ್ಸಿನಲ್ಲಿ ಮನೆಯವರೆಗೂ ನನ್ನ ಜೊತೆ ಬಂತು. ಕಾಲೇಜಿಗೆಂದು ಅವರ ಮಗನನ್ನು ನಮ್ಮ ಮನೆಯಲ್ಲಿಟ್ಟುಕೊಂಡು ಸಾಕಿದ್ದೆ. ಜ್ವರ ಬಂದಾಗ ತಲೆಗೆ ತಣ್ಣೀರ ಬಟ್ಟೆ ಹಾಕಿಕೊಂಡು ಕೂತಿದ್ದೆ. ಚಿಕ್ಕವ್ವ ಚಿಕ್ಕವ್ವ ಎಂದು ಸೆರಗು ಹಿಡಿದುಕೊಂಡು ತಿರುಗುತ್ತಿದ್ದ.

ನಿನಗೆ ಒಂದೇ ಮಾತು. ಅಳಬೇಡ. ಅವನು ಎಲ್ಲರ ಕಣ್ಣಿಗೂ ಕಾಣುವ ಹಾಗೆ ಬೀಳಬೇಕು. ಅಲ್ಲಿಯವರೆಗೆ ನೀನು ಊರಿಗೆ ಬರದಿದ್ದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ನಿನ್ನ ಅವ್ವ
ಸುಲೋಚನಮ್ಮ


ಹೈದರಾಬಾದ್
3 ನವೆಂಬರ್ 2003

ಪ್ರೀತಿಯ ರಂಜನಿ,

ಒಂದೇ ಕಟ್ಟಡದಲ್ಲಿದ್ದರೂ ನೀನು ಮಾತು ಬಿಟ್ಟಿದ್ದೀಯ. ಆದ್ದರಿಂದ ಹಾಸ್ಟೆಲಿಗೆ ಈ ಕಾಗದ ಕಳಿಸುತ್ತಿದ್ದೇನೆ.

ನೀನಿನ್ನೂ ಚಿಕ್ಕವಳು. ಗಾಜು, ಚಿನ್ನ, ಅಳೆಯುವ ಯಂತ್ರ ಎಲ್ಲವೂ ಲ್ಯಾಬಿನದು. ಯೋಚನೆ ಯಾರ ಬಾಯಿಂದ ಮೊದಲು ಬಂತು ಎಂದು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ನಾವು ತಡಮಾಡಿದ್ದರೆ ಹೊರಗಿನವರು ಮುಂದಾಗುತ್ತಿದ್ದರು. ಇನ್ನೊಂದು ಸಲ, ಇನ್ನೊಂದು ಸಲ ಎನ್ನುತ್ತಾ ನೀನು ವರ್ಷ ಕಳೆಯುತ್ತಿದ್ದೆ.

ನಿನ್ನ ದೂರು ವಿಚಾರಿಸುವ ಸಮಿತಿಯವರು ನನ್ನನ್ನು ಕರೆದಿದ್ದರು. ಅಣುವಿನ ವಿನ್ಯಾಸ, ತಯಾರಿ, ಅಳತೆ ಎಲ್ಲವೂ ನನ್ನ ಕೈಯಿಂದಲೇ ಆದದ್ದು, ನಿನ್ನ ಕೈ ಅದಕ್ಕೆ ತಾಗಿಲ್ಲ ಎಂದು ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಪ್ರೊಫೆಸರೂ ಸಹಿ ಹಾಕಿದ್ದಾರೆ. ಇನ್ನು ಮುಂದುವರಿದರೆ ನಷ್ಟ ನಿನಗೇ. ಚಿಕ್ಕವ್ವನನ್ನು ನಮ್ಮೂರಿಗೆ ಕಳಿಸಿ ನಮ್ಮಪ್ಪನ ಮಾನ ಕಳೆಯಲು ನೋಡಿದ್ದು ಸರಿಯಲ್ಲ. ಆದರೂ ಮರೆತಿದ್ದೇನೆ.

ನಿನ್ನ ಒಳಿತನ್ನೇ ಬಯಸುವ
ಓಂಕಾರಣ್ಣ


ಹೈದರಾಬಾದ್
21 ಮಾರ್ಚ್ 2004

ಅವ್ವನಿಗೆ ನಮಸ್ಕಾರ.

ನಾನು ದೂರು ವಾಪಸ್ಸು ತೆಗೆದುಕೊಂಡಿದ್ದೇನೆ. ಕೋಪ ಮಾಡಿಕೊಳ್ಳುವ ಮೊದಲು ಕಾಗದ ಪೂರ್ತಿ ಓದು. ಅಪ್ಪನಿಗೆ ತೋರಿಸಬೇಡ, ಅದಕ್ಕೇ ಮಿಲ್ಲಿಗೆ ಕಳಿಸದೆ ಮನೆಯ ವಿಳಾಸಕ್ಕೇ ಕಳಿಸಿದ್ದೇನೆ.

ನಾನು ಈಗ ಲಕ್ಷ್ಮೀದೇವಿ ಮೇಡಂ ಅವರ ಲ್ಯಾಬಿಗೆ ಬಂದಿದ್ದೇನೆ. ಸಮಿತಿಯ ಮುಂದೆ ತೋರಿಸೋಣವೆಂದು ಅದೇ ಅಣುವನ್ನು ಮತ್ತೆ ಮೊದಲಿನಿಂದ ಕಟ್ಟಿ ಗಾಜಿನ ಮೇಲೆ ನಿಲ್ಲಿಸಿದೆ. ಮೇಡಂ ತೊಳೆಯುವುದರಲ್ಲಿ ಬಲು ಕಟ್ಟುನಿಟ್ಟು. ಗಾಜನ್ನು ತೊಳೆದು, ಮತ್ತೆ ತೊಳೆದು, ಬೆಳಕು ಬಿಟ್ಟು ಅಳೆದೆ. ಏನೂ ಇಲ್ಲ. ಅಳೆಯುವ ಯಂತ್ರ ಕೆಟ್ಟಿರಬೇಕು ಅಂದುಕೊಂಡೆ. ಇನ್ನೊಂದು ಗಾಜು. ಅದರಲ್ಲೂ ಇಲ್ಲ. ಕಡೆಗೆ ತೊಳೆಯದೆ ಅಳೆದು ನೋಡಿದೆ. ತಿರುಗುತ್ತಿದೆ!

ಅರ್ಥವಾಯಿತೇ ಅವ್ವ? ತಿರುಗುತ್ತಿದ್ದುದು ಚಿನ್ನವನ್ನು ಕಚ್ಚಿ ನಿಂತ ಅಣುಗಳಲ್ಲ. ಅವುಗಳ ಮೇಲೆ ಸುಮ್ಮನೆ ಅಂಟಿಕೊಂಡು ಉಳಿದವು. ತೊಳೆದರೆ ಅವು ಹೋಗುತ್ತವೆ, ನಿಂತವು ಮಾತ್ರ ಉಳಿಯುತ್ತವೆ. ನಿಂತವು ತಿರುಗುವುದಿಲ್ಲ. ಕಾಲು ಗಿಡ್ಡವಾದರೆ ಚಿನ್ನ ತೀರ ಹತ್ತಿರವಾಗುತ್ತದೆ, ಅಣು ತಿರುಗುವಷ್ಟರಲ್ಲಿ ಬೆಳಕಿನ ಶಕ್ತಿಯನ್ನೆಲ್ಲ ಚಿನ್ನವೇ ಹೀರಿಕೊಳ್ಳುತ್ತದೆ. ಅಂದು ನಾನೂ ಸರಿಯಾಗಿ ತೊಳೆದಿರಲಿಲ್ಲ. ಇನ್ನೊಂದು ಸಲ ನೋಡಬೇಕು ಎಂದಿದ್ದು ಅದಕ್ಕೇ. ಅವನು ನೋಡಲಿಲ್ಲ. ಕದ್ದ, ಓಡಿದ.

ಸಮಿತಿ ನನ್ನ ಕಡೆ ವಾಲುತ್ತಿದೆ ಎಂದು ಗುಟ್ಟಾಗಿ ತಿಳಿದಿತ್ತು. ಗೆದ್ದರೆ ಆ ಕೆಲಸ ನನ್ನದಾಗುತ್ತದೆ, ಅದರ ಜೊತೆ ತಪ್ಪೂ ನನ್ನದಾಗುತ್ತದೆ. ಅದಕ್ಕೇ ಬಿಟ್ಟುಕೊಟ್ಟೆ. ನನ್ನ ಕೈ ತಾಗಿಲ್ಲ ಎಂದು ಅವನೇ ಬರೆದುಕೊಟ್ಟಿದ್ದಾನಲ್ಲ, ಹಾಗೇ ಇರಲಿ. ಅದರ ಮೇಲೆ ಅವನಿಗೆ ನೌಕರಿ ಸಿಗಲಿ, ಹಾರ ತುರಾಯಿ ಬೀಳಲಿ. ಎತ್ತರಕ್ಕೆ ಹತ್ತಲಿ.

ನಾನು ಈಗ ಹೊಸ ಅಣು ಕಟ್ಟುತ್ತಿದ್ದೇನೆ. ಇದಕ್ಕೆ ಉದ್ದನೆಯ ಕಾಲು, ಒಂದಲ್ಲ, ಎರಡು. ಒಂಟಿ ಕಾಲಿನಲ್ಲಿ ಇಡೀ ಅಣುವೇ ಗಿರಕಿ ಹೊಡೆಯುತ್ತದೆ, ಮೇಲಿನ ಭಾಗ ತಿರುಗಿತೋ ಬುಡವೇ ತಿರುಗಿತೋ ತಿಳಿಯುವುದಿಲ್ಲ. ನನ್ನದು ನಿಜವಾಗಿ ತಿರುಗಿದ ದಿನ, ಎಲ್ಲರ ಎದುರು, ಅವನದು ತಿರುಗಿರಲಿಲ್ಲ ಎಂದು ಹೇಳುತ್ತೇನೆ. ಅಲ್ಲಿಯವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡ.

ರಂಜನಿ


ಚಳ್ಳಕೆರೆ
17 ಜುಲೈ 2005

ಮಗಳಿಗೆ ಅವ್ವನ ಆಶೀರ್ವಾದ.

ಓಂಕಾರನಿಗೆ ಅಲ್ಲೇ ದೊಡ್ಡ ನೌಕರಿಯಾಗಿ ವರ್ಷವಾಗುತ್ತ ಬಂತಂತೆ. ಈಗ ಪರಶುರಾಂಪುರದಲ್ಲಿ ಸನ್ಮಾನ ಮಾಡಿದರು. ಟ್ರ್ಯಾಕ್ಟರಿನ ಮೇಲೆ ಕುರ್ಚಿ ಹಾಕಿ ಕೂರಿಸಿ ಮೆರವಣಿಗೆ. ನಮಗೂ ಕರೆ ಬಂದಿತ್ತು. ನಿನ್ನಪ್ಪ ಹೋಗಿ ಶಾಲು ಹೊದಿಸಿ ಬಂದರು, ಗಾಜಿನ ತಪ್ಪಿನ ವಿಷಯ ಅವರಿಗೆ ಗೊತ್ತಿಲ್ಲ. ನಾನು ಹೋಗಲಿಲ್ಲ. ಆದರೆ ಹತ್ತಲಿ, ಇನ್ನೂ ಮೇಲೆ ಹತ್ತಲಿ ಎಂದು ಅಡುಗೆಮನೆಯಲ್ಲಿ ನಿಂತು ಅಂದುಕೊಂಡೆ.

ಇನ್ನೊಂದು ವಿಷಯ. ಮೊಳಕಾಲ್ಮುರು ಕಡೆಯ ದೊಡ್ಡಪಾಲಯ್ಯ ಎಂದು ನಮ್ಮ ಮಿಲ್ಲಿಗೆ ಶೇಂಗಾ ಹಾಕುವವರಿದ್ದಾರಲ್ಲ, ಅವರ ಹೆಂಡತಿ ಲಕ್ಷ್ಮಕ್ಕ ಬಂದಿದ್ದಳು. ಅವಳ ಮಗಳು ನಿರ್ಮಲಾ ಎಮ್ಮೆಸ್ಸಿ ಮುಗಿಸಿ ಅಲ್ಲಿಗೇ ಸಂಶೋಧನೆಗೆ ಸೇರಿದ್ದಾಳಂತೆ. ಸೇರಿರುವುದು ಓಂಕಾರನ ಕೈಕೆಳಗೆ.

"ಹುಡುಗಿ ಬಂದು ಮೂಲೇಲಿ ಮಲಗಿಬಿಟ್ಟೈತೆ ಸುಲೋಚನಮ್ಮಾರೆ. ಏಮಿ ಚೇಸೇದಮ್ಮಾ, ಏನು ಮಾಡ್ಲಿ ನಾನು?" ಎಂದು ಕಣ್ಣೊರೆಸಿಕೊಂಡಳು. "ಮೇಷ್ಟ್ರು ಮಾಡಿದ್ದು ತಿರುಗ್ತಂತೆ, ಇವ್ಳು ಮಾಡಿದ್ದು ತಿರುಗಂಗಿಲ್ವಂತೆ. ನಿನ್ನ ಕೈ ಸರಿಯಿಲ್ಲ, ಊರಿಗೆ ಹೋಗಿ ಕುರಿ ಕಾಯಿ ಅಂದ್ರಂತೆ. ಗಂಡು ನೋಡ್ರಿ, ನಾನು ವಾಪಸ್ ಹೋಗಲ್ಲ ಅಂತಾಳೆ."

ನಾನು ಅವಳಿಗೆ ಕಾಫಿ ಕೊಟ್ಟೆ. ಮಾತು ನಾಲಗೆಯ ತುದಿಗೆ ಬಂದಿತ್ತು. ನೀನು ಹೇಳಬೇಡ ಅಂದಿದ್ದೆ, ಹೇಳಲಿಲ್ಲ. ಅವಳು ಲೋಟ ತೊಳೆದಿಟ್ಟು ಹೋದಳು.

ನಿನ್ನ ಅವ್ವ


ಹೈದರಾಬಾದ್
2 ಆಗಸ್ಟ್ 2005

ಅವ್ವ,

ನಿರ್ಮಲಾ ನನಗೆ ಗೊತ್ತು. ಕ್ಯಾಂಟೀನಿನಲ್ಲಿ ನಮ್ಮ ಕಡೆಯವಳೆಂದು ಒಂದೆರಡು ಸಲ ಮಾತಾಡಿಸಿದ್ದಾಳೆ. ಈಗ ಅವಳಿಗೆ ಹೇಳಿದರೆ ಅವಳು ಅವನಿಗೆ ಹೇಳುತ್ತಾಳೆ. ಅವನು ಸದ್ದಿಲ್ಲದೆ ತಿದ್ದಿಕೊಂಡು, ತಪ್ಪನ್ನು ತಾನೇ ಕಂಡುಹಿಡಿದೆನೆಂದು ಇನ್ನೊಂದು ಹಾರ ಹಾಕಿಸಿಕೊಳ್ಳುತ್ತಾನೆ. ಡಿಸೆಂಬರಿನಲ್ಲಿ ಇಲ್ಲಿ ದೊಡ್ಡ ಸಮ್ಮೇಳನ ಇದೆ. ನನ್ನ ಎರಡು ಕಾಲಿನ ಅಣು ಚಿನ್ನದ ಮೇಲೆ ನಿಂತಿದೆ, ತೊಳೆದ ಮೇಲೂ ತಿರುಗುತ್ತಿದೆ. ಇಷ್ಟು ಕಾಲ ತಡೆದಿದ್ದೇನೆ, ಇನ್ನು ಸ್ವಲ್ಪ.

ಅವಳ ವಿಷಯ ಮತ್ತೆ ಬರೆಯಬೇಡ.

ರಂಜನಿ


ಚಳ್ಳಕೆರೆ
14 ಆಗಸ್ಟ್ 2005

ರಂಜನಿ,

ಬರೆಯಬೇಡ ಅಂದಿದ್ದೀಯ. ಒಂದೇ ಸಲ ಬರೆದು ಬಿಡುತ್ತೇನೆ. ಓಂಕಾರ ನಿನ್ನ ಶತ್ರು, ನನ್ನ ಶತ್ರುವೂ ಹೌದು. ಲಕ್ಷ್ಮಕ್ಕನ ಮಗಳು ನಮಗೇನು ಮಾಡಿದ್ದಾಳೆ?

ಅವ್ವ


ಹೈದರಾಬಾದ್
20 ಡಿಸೆಂಬರ್ 2005

ಅವ್ವನಿಗೆ ನಮಸ್ಕಾರ.

ಆಯಿತು. ಎಲ್ಲರ ಕಣ್ಣಿಗೂ ಕಾಣುವ ಹಾಗೆ ಬಿದ್ದ. ಆದರೆ ಕೆಡವಿದವಳು ನಾನಲ್ಲ.

ನಿನ್ನ ಆ ಎರಡು ಸಾಲಿನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಕೆಲವು ದಿನ ನಿನ್ನ ಮೇಲೆ ಸಿಟ್ಟಿತ್ತು. ಆಮೇಲೆ ನಿರ್ಮಲಾ ರಜೆ ಮುಗಿಸಿ ಬಂದಳು. ಕ್ಯಾಂಟೀನಿನಲ್ಲಿ ಒಬ್ಬಳೇ, ತಟ್ಟೆ ಮುಂದಿಟ್ಟುಕೊಂಡು ತಿನ್ನದೆ ಕೂತಿದ್ದಳು. ಹೋಗಿ ಎದುರು ಕೂತೆ.

"ನಿನ್ನ ಕೈ ಸರಿಯಾಗೇ ಐತೆ" ಅಂದೆ. "ನೀನು ಚೆನ್ನಾಗಿ ತೊಳೀತೀಯ. ಅದಕ್ಕೇ ನಿಂಗೆ ಏನೂ ಕಾಣಲ್ಲ."

ಎಲ್ಲ ಹೇಳಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ನಿಮಗೆ ಯಾವಾಗ್ನಿಂದ ಗೊತ್ತು ಅಕ್ಕ?"

"ನೀನು ಸೇರೋಕೆ ಮುಂಚಿಂದ."

"ಅವ್ರು ನನ್ನ ಕೈ ಸರಿಯಿಲ್ಲ ಅಂದ್ರು. ನೀವು ಕೇಳ್ಕೊಂಡು ಸುಮ್ನಿದ್ರಿ."

ಎದ್ದು ಹೋದಳು. ಇನ್ನೇನು, ಅವನ ಹತ್ತಿರವೇ ಓಡುತ್ತಾಳೆ, ಎಲ್ಲ ಕೆಟ್ಟಿತು ಎಂದುಕೊಂಡೆ. ಓಡಲಿಲ್ಲ. ನನ್ನ ಹತ್ತಿರವೂ ಬರಲಿಲ್ಲ.

ಸಮ್ಮೇಳನದಲ್ಲಿ ಅವನ ಭಾಷಣ ಮೊದಲು, ನನ್ನದು ಆಮೇಲೆ. ಸಭಾಂಗಣ ತುಂಬಿತ್ತು. ಹೊಸ ಕೋಟು ಹಾಕಿಕೊಂಡು ತನ್ನ ಯಂತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಡಿಸಿ ತೋರಿಸಿದ. ಚಪ್ಪಾಳೆಯಾಯಿತು. ನಾನು ಪ್ರಶ್ನೆ ಕೇಳಲು ಕೈ ಎತ್ತುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ನಿರ್ಮಲಾ ಎದ್ದು ನಿಂತಿದ್ದಳು. ಇಂಗ್ಲಿಷಿನಲ್ಲೇ ಕೇಳಿದಳು. ಈ ಗಾಜನ್ನು ತೊಳೆದ ಮೇಲೆ ಅಳೆದು ನೋಡಿದ್ದೀರಾ ಸಾರ್ ಎಂದು. ಅವನು ನಕ್ಕ. ಇವಳು ನನ್ನ ವಿದ್ಯಾರ್ಥಿನಿ, ಇವಳ ಗಾಜುಗಳು ಯಾವತ್ತೂ ಸರಿ ಬರುವುದಿಲ್ಲ ಎಂದು ಸಭೆಗೆ ಹೇಳಿದ. ಕೆಲವರು ನಕ್ಕರು.

"ನನ್ನ ಗಾಜಲ್ಲ ಸಾರ್, ನಿಮ್ದೇ" ಎಂದುಬಿಟ್ಟಳು, ಕನ್ನಡದಲ್ಲೇ. ಆಮೇಲೆ ತಿದ್ದಿಕೊಂಡು ಇಂಗ್ಲಿಷಿನಲ್ಲಿ ಹೇಳಿದಳು. ಪತ್ರಿಕೆಯಲ್ಲಿ ಬಂದ ಅಳತೆಯ ಮೂಲ ಗಾಜುಗಳನ್ನು ಅವನು ಬಂದವರಿಗೆಲ್ಲ ತೋರಿಸಲು ತನ್ನ ಕಪಾಟಿನಲ್ಲಿಟ್ಟಿದ್ದ. ಅವಳು ಅವುಗಳಲ್ಲಿ ಒಂದನ್ನು ತೊಳೆಯುವ ಮೊದಲು ಅಳೆದಿದ್ದಾಳೆ, ತೊಳೆದ ಮೇಲೆ ಅಳೆದಿದ್ದಾಳೆ. ಎರಡೂ ಅಳತೆಯ ಗೆರೆಗಳಿದ್ದ ಹಾಳೆಯನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಏರಿಸಿಕೊಂಡು ನೋಡಿ, ಪಕ್ಕದವರಿಗೆ ದಾಟಿಸಿದರು. ಹಾಳೆ ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ಅವನು ಮೈಕಿನ ಮುಂದೆ ನಿಂತೇ ಇದ್ದ.

ಅವ್ವ, ಆ ಗಾಜುಗಳನ್ನು ಅದ್ದಿದವಳು ನಾನು. ಆ ಸಭೆಯಲ್ಲಿ ಅದು ಖಚಿತವಾಗಿ ಗೊತ್ತಿದ್ದವರು ಮೂವರು, ನಾನು, ಅವನು, ನಿರ್ಮಲಾ. ಅವನು ನನ್ನ ಕಡೆ ನೋಡಿದ. ನಾನೂ ನೋಡಿದೆ. ಕಣ್ಣು ತಗ್ಗಿಸಲಿಲ್ಲ. ಆ ಕ್ಷಣ ನನಗಾದ ಸಂತೋಷ ಸಣ್ಣದೇನಲ್ಲ.

ಆಮೇಲೆ ನನ್ನ ಭಾಷಣ. ನನ್ನ ಅಣು ತಿರುಗಿದ್ದನ್ನು ತೋರಿಸಿದೆ. ಜನ ಎದ್ದು ಬಂದು ಕೈಕುಲುಕಿದರು. ನಿರ್ಮಲಾಳನ್ನು ಹುಡುಕಿದೆ. ಬಾಗಿಲ ಹತ್ತಿರ ಸಿಕ್ಕಳು, ಅವಳ ಕೈ ಹಿಡಿಯಲು ಹೋದೆ. "ನಾನು ನಿಮಗೋಸ್ಕರ ಕೇಳಲಿಲ್ಲ ಅಕ್ಕ" ಎಂದು ಹೊರಟುಹೋದಳು.

ರಂಜನಿ


ಹೈದರಾಬಾದ್
16 ಜನವರಿ 2006

ರಂಜನಿ,

ಪತ್ರಿಕೆಯವರು ಲೇಖನವನ್ನು ಹಿಂತೆಗೆದುಕೊಳ್ಳಲು ಹೇಳಿದ್ದಾರೆ. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ. ಪ್ರೊಫೆಸರ್ ಎಲ್ಲ ನನ್ನ ಮೇಲೆ ಹಾಕಿ ಕೈತೊಳೆದುಕೊಂಡಿದ್ದಾರೆ.

ನಿನಗೂ ಗೊತ್ತು, ಆ ಗಾಜುಗಳು ನಿನ್ನವು. ತೊಳೆಯದೆ ಬಿಟ್ಟವಳು ನೀನು. ಗಾಜುಗಳನ್ನು ತಯಾರಿಸಿದ್ದು ನಾನು, ಓಂಕಾರಮೂರ್ತಿ ನಂಬಿಕೆಯಿಂದ ಬಳಸಿಕೊಂಡರು ಎಂದು ಒಂದೇ ಸಾಲು ಬರೆದುಕೊಡು. ವಿದ್ಯಾರ್ಥಿಯ ತಪ್ಪನ್ನು ಯಾರೂ ದೊಡ್ಡದು ಮಾಡುವುದಿಲ್ಲ. ನೀನೀಗ ಗೆದ್ದವಳು, ನಿನಗೇನೂ ಆಗುವುದಿಲ್ಲ. ನನ್ನದು ಉಳಿಯುತ್ತದೆ.

ಚಿಕ್ಕವ್ವನ ಕೈಯಲ್ಲಿ ಒಟ್ಟಿಗೆ ಉಂಡವರು ನಾವು. ಅದನ್ನಾದರೂ ನೆನೆ.

ಓಂಕಾರ


ಹೈದರಾಬಾದ್
24 ಜನವರಿ 2006

ಶ್ರೀ ಓಂಕಾರಮೂರ್ತಿಯವರಿಗೆ,

ಬರೆದುಕೊಡಲು ನಾನು ಸಿದ್ಧ. ಆದರೆ ಒಂದು ಸಾಲಲ್ಲ, ಪೂರ್ತಿ. ಯೋಚನೆ ನನ್ನದು, ಅಣು ನನ್ನದು, ಗಾಜು ನನ್ನದು, ತೊಳೆಯದ ತಪ್ಪೂ ನನ್ನದು. ಇದನ್ನೆಲ್ಲ ಓಂಕಾರಮೂರ್ತಿ ನಾನು ಊರಿಗೆ ಹೋಗಿದ್ದಾಗ ತೆಗೆದುಕೊಂಡರು, ಆಮೇಲೆ ಸಮಿತಿಗೆ ಸುಳ್ಳು ಬರೆದುಕೊಟ್ಟರು. ಕೆಳಗೆ ನಾನು ಸಹಿ ಹಾಕುತ್ತೇನೆ. ನನ್ನ ಪಕ್ಕದಲ್ಲಿ ನೀವೂ ಹಾಕಬೇಕು.

ಹಾಕಿದರೆ ನೀವು ಕಳ್ಳ. ಹಾಕದಿದ್ದರೆ ತಪ್ಪು ನಿಮ್ಮದೇ, ದಡ್ಡ. ಯಾವುದು ಬೇಕೋ ನೀವೇ ಆರಿಸಿಕೊಳ್ಳಿ. ಉತ್ತರ ಬರುವವರೆಗೆ ನಾನು ಯಾರಿಗೂ ಏನೂ ಹೇಳುವುದಿಲ್ಲ. ಸುಮ್ಮನಿರುವುದು ನನಗೆ ಚೆನ್ನಾಗಿ ಅಭ್ಯಾಸವಾಗಿದೆ.

ಶಿವರಂಜನಿ


ಚಳ್ಳಕೆರೆ
18 ಏಪ್ರಿಲ್ 2006

ಮಗಳು ಶಿವರಂಜನಿಗೆ ಅವ್ವನ ಆಶೀರ್ವಾದ.

ನಿನ್ನೆ ಮಧ್ಯಾಹ್ನ ಓಂಕಾರ ಬಂದಿದ್ದ. ಬಿಸಿಲು ಬೆಂಕಿಯಾಗಿತ್ತು. ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದಿದ್ದ, ಅಂಗಿಯೆಲ್ಲ ಒದ್ದೆ, ತುಟಿ ಒಡೆದಿತ್ತು. ನಾನು ಬಾಗಿಲಲ್ಲಿ ನಿಂತೆ. ಒಳಗೆ ಬಾ ಎನ್ನಲಿಲ್ಲ, ಅವನೂ ಮೆಟ್ಟಿಲು ಹತ್ತಲಿಲ್ಲ.

"ನೌಕರಿ ಬಿಟ್ಟೆ ಚಿಕ್ಕವ್ವ. ಬಿಡಿಸಿದ್ರು. ಬಳ್ಳಾರೀಲಿ ಒಂದು ಟ್ಯೂಟೋರಿಯಲ್‌ನಾಗೆ ಪಾಠ ಮಾಡಾಕೆ ಹೋಗ್ತಾ ಇದೀನಿ."

ಅಂಗಿಯ ತೋಳಿನಿಂದ ಬೆವರು ಒರೆಸಿಕೊಂಡ.

"ರಂಜನಿಗೆ ಉತ್ತರ ಬರೆಯೋಕೆ ಕೈ ಬರ್ಲಿಲ್ಲ. ನೀವೇ ಹೇಳ್ರಿ. ದಡ್ಡ ಅನ್ನಿಸ್ಕೊಂಡೆ ಅಂತ."

ಯಾಕೆ ಹಾಗೆ ಎಂದು ಕೇಳಿದೆ. ಕೇಳಬಾರದಿತ್ತು, ಬಾಯಿಗೆ ಬಂತು.

"ಅಪ್ಪ ಇನ್ನೂ ಬದುಕ್ಯಾನಲ್ಲ ಚಿಕ್ಕವ್ವ. ಮಗ ದಡ್ಡ ಅಂದ್ರೆ ತಡ್ಕೊಂತಾನೆ, ಕಳ್ಳ ಅಂದ್ರೆ ಇಲ್ಲ."

ಹೋಗಲು ತಿರುಗಿದವನು ನಿಂತ. ಆಮೇಲೆ, "ಒಂದು ಲೋಟ ನೀರು ಕೊಡ್ರಿ" ಅಂದ.

ನನ್ನ ಹಿಂದೆಯೇ ನೀರಿನ ಗಡಿಗೆ ಇತ್ತು. ಕೈ ಚಾಚಿದರೆ ಸಿಗುತ್ತಿತ್ತು. ಮಲ್ಲಿಕಾರ್ಜುನಪ್ಪನ ಈರುಳ್ಳಿ ರಾಶಿಯ ಮುಂದೆ ನಿಂತಿದ್ದು ನೆನಪಾಯಿತು. ನೀನು ಬರೆದ ಮೊದಲ ಕಾಗದ ನೆನಪಾಯಿತು. "ನೀರಿಲ್ಲ" ಎಂದೆ. ಅವನಿಗೆ ಗಡಿಗೆ ಕಾಣುತ್ತಿತ್ತು. ತಲೆಯಾಡಿಸಿ ಹೋದ. ಒಳಗಿಂದ ನಿನ್ನಪ್ಪ, "ಯಾರು ಬಂದಿದ್ದು?" ಎಂದರು. ಯಾರೂ ಇಲ್ಲ ಎಂದೆ.

ಅವನಿಗೆ ಆಗಬೇಕಾದದ್ದೇ ಆಗಿದೆ. ನನಗೆ ಅಯ್ಯೋ ಅನ್ನಿಸಲಿಲ್ಲ, ನಿನ್ನ ಹತ್ತಿರ ಸುಳ್ಳು ಯಾಕೆ ಹೇಳಲಿ. ಆದರೆ ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೀರು ಕೇಳಿದವರನ್ನು ಇಲ್ಲವೆಂದು ಕಳಿಸಿದವಳಲ್ಲ. ನಿನಗೋಸ್ಕರ ಕಳಿಸಿದೆ, ನನಗೋಸ್ಕರವೂ.

ಇಂಥ ಕೆಲಸವನ್ನು ಇನ್ನೊಂದು ಸಲ ನನ್ನ ಕೈಯಲ್ಲಿ ಮಾಡಿಸಬೇಡ.

ನಿನ್ನ ಅವ್ವ
ಸುಲೋಚನಮ್ಮ